ಹೊಲ ನಿಮ್ಮದು, ಮರ ಯಾರದು?

ಸ್ವಂತ ತೋಟದ ಮರ ಕಡಿಯಲೂ ಸರ್ಕಾರದ ಅಪ್ಪಣೆ ಬೇಕೆ? ಬೇಕು ಎನ್ನುತ್ತದೆ ಕಾನೂನು. ಆದರೆ ಎಲ್ಲ ಮರಕ್ಕೂ ಅಲ್ಲ. ಈ 'ಬೇಕು' ಮತ್ತು 'ಬೇಡ'ಗಳ ನಡುವೆ ಮಲೆನಾಡಿನ ತೋಟಗಳ ಬಣ್ಣವೇ ಬದಲಾಗಿದೆ.

ಬೇಲೂರಿನಿಂದ ಸಕಲೇಶಪುರದ ಕಡೆಗೆ ಹೊರಟರೆ ಬಯಲಿನ ಹೊಲಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಬಿಕ್ಕೋಡು ಹತ್ತಿರವಾಗುತ್ತಿದ್ದಂತೆ ಕಾಫಿ ತೋಟಗಳು ಆವರಿಸಿಕೊಳ್ಳುತ್ತವೆ. ಕೆಳಗೆ ಆಳೆತ್ತರದ ಕಾಫಿ ಗಿಡ, ಅದರ ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹೊರಗಿನವರ ಕಣ್ಣಿಗೆ ಇದೆಲ್ಲ ಒಂದೇ ಹಸಿರು. ತೋಟದವರ ಕಣ್ಣಿಗೆ ಮಾತ್ರ ಒಂದೊಂದು ಮರಕ್ಕೂ ಒಂದೊಂದು ಹೆಸರು, ಒಂದೊಂದು ಲೆಕ್ಕ.

ಇಂಥದೊಂದು ತೋಟದಲ್ಲಿ ಎರಡು ಮರಗಳು ಅಕ್ಕಪಕ್ಕ ನಿಂತಿವೆ ಎಂದಿಟ್ಟುಕೊಳ್ಳಿ. ಒಂದು ಅಜ್ಜನ ಕಾಲದ ಹೊನ್ನೆ. ಇನ್ನೊಂದು ಅಪ್ಪ ನೆಟ್ಟ ಸಿಲ್ವರ್ ಓಕ್. ಮನೆಯಲ್ಲಿ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಫೀಸಿಗೆ ಹಣ ಹೊಂದಿಸಬೇಕು. ಮರ ಮಾರೋಣ ಎಂದು ತೋಟದ ಯಜಮಾನರು ಯೋಚಿಸುತ್ತಾರೆ. ಸಿಲ್ವರ್ ಓಕನ್ನು ಕಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹೊನ್ನೆಯನ್ನು ಕಡಿಯಬೇಕಾದರೆ ಅರ್ಜಿ ಬರೆಯಬೇಕು, ಅಧಿಕಾರಿ ಬಂದು ನೋಡಬೇಕು, ಲಿಖಿತ ಅನುಮತಿ ಸಿಗಬೇಕು. ಮಣ್ಣು ಒಂದೇ, ಬೇಲಿ ಒಂದೇ, ಯಜಮಾನರೂ ಒಬ್ಬರೇ. ಹಾಗಿದ್ದೂ ಎರಡು ಮರಗಳಿಗೆ ಎರಡು ನ್ಯಾಯ ಏಕೆ?

ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ವಿಜ್ಞಾನ, ಕಾನೂನು, ಮನೆಯ ಖರ್ಚು ಮೂರೂ ಒಂದೇ ಕಡೆ ಬಂದು ಸೇರುತ್ತವೆ.

ನಂದಗೋಡನಹಳ್ಳಿಯ ಸುದ್ದಿ

ಮರದ ಕಾನೂನು ಎಂದರೆ ಅರಣ್ಯ ಇಲಾಖೆಯವರಿಗೆ ಮಾತ್ರ ಸಂಬಂಧಪಟ್ಟದ್ದು ಎಂದು ಅನೇಕರು ತಿಳಿದಿರುತ್ತಾರೆ. 2023ರ ಡಿಸೆಂಬರಿನಲ್ಲಿ ಈ ಭಾವನೆ ಅಲುಗಾಡಿತು. ಬೇಲೂರು ತಾಲ್ಲೂಕಿನ ನಂದಗೋಡನಹಳ್ಳಿಯಲ್ಲಿ 126 ಮರಗಳನ್ನು ಅನುಮತಿಯಿಲ್ಲದೆ ಕಡಿಯಲಾಗಿದೆ ಎಂಬ ದೂರು ಎದ್ದು, ಅದು ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಪ್ರಕರಣ ದಾಖಲಾಯಿತು, ಬಂಧನವೂ ಆಯಿತು, ಬಳಿಕ ಜಾಮೀನು ದೊರೆಯಿತು. ರಾಜಕೀಯದ ಮಾತುಗಳೂ ಸಾಕಷ್ಟು ಹರಿದಾಡಿದವು.

ಯಾರದು ಸರಿ, ಯಾರದು ತಪ್ಪು ಎಂಬುದು ನ್ಯಾಯಾಲಯ ತೀರ್ಮಾನಿಸಬೇಕಾದ ಮಾತು. ವಿದ್ಯಾರ್ಥಿಗಳು ಗಮನಿಸಬೇಕಾದ್ದು ಬೇರೆ. ಮರ ನೆಲಕ್ಕುರುಳಿದ ಮೇಲೆ ಕಾನೂನು ಏನೇ ಮಾಡಿದರೂ ಅದನ್ನು ಎಬ್ಬಿಸಿ ನಿಲ್ಲಿಸಲಾರದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕದ್ದ ಹಣವನ್ನು ವಾಪಸು ಕೊಡಿಸಬಹುದು, ಒತ್ತುವರಿ ಮಾಡಿದ ಜಮೀನನ್ನು ಬಿಡಿಸಬಹುದು. ನೂರು ವರ್ಷದ ಮರವನ್ನು ವಾಪಸು ಪಡೆಯಲು ಇನ್ನೊಂದು ನೂರು ವರ್ಷ ಕಾಯುವುದೊಂದೇ ದಾರಿ. ಆದ್ದರಿಂದಲೇ ಮರದ ವಿಷಯದಲ್ಲಿ ಕಾನೂನು ಕಡಿದ ಮೇಲಿನ ಶಿಕ್ಷೆಯನ್ನಷ್ಟೇ ನಂಬದೆ, ಕಡಿಯುವ ಮುನ್ನವೇ 'ಸ್ವಲ್ಪ ತಾಳಿ' ಎನ್ನುತ್ತದೆ.

1976ರ ಕಾನೂನು ಹೇಳುವುದೇನು?

ಕಾಡಿನೊಳಗಿನ ಮರಗಳಿಗೆ ಬೇರೆ ಕಾನೂನುಗಳಿವೆ. 1963ರ ಕರ್ನಾಟಕ ಅರಣ್ಯ ಕಾಯ್ದೆ, ಕೇಂದ್ರ ಸರ್ಕಾರದ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇವುಗಳಲ್ಲಿ ಮುಖ್ಯವಾದವು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದವರ್ಮನ್ ಪ್ರಕರಣದಲ್ಲಿ ಕೊಟ್ಟ ಆದೇಶವಂತೂ ಪ್ರಸಿದ್ಧ. ಜಮೀನಿನ ಮಾಲೀಕರು ಯಾರೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡು ಎನಿಸಿಕೊಳ್ಳುವ ಜಾಗವೆಲ್ಲ ಕಾಡೇ ಎಂದು ನ್ಯಾಯಾಲಯ ಆಗ ಹೇಳಿತು.

ಆದರೆ ಮರಗಳೆಲ್ಲ ಕಾಡಿನಲ್ಲಿಯೇ ಇರುವುದಿಲ್ಲವಲ್ಲ! ಹಿತ್ತಲಿನ ಹಲಸು, ಹೊಲದ ಬದುವಿನ ಬೇವು, ಶಾಲೆಯ ಅಂಗಳದ ಮಳೆಮರ, ರಸ್ತೆ ಬದಿಯ ಸಾಲುಮರ, ಕಾಫಿ ತೋಟದ ನೇರಳೆ, ಮತ್ತಿ, ಬೀಟೆ, ಇವುಗಳನ್ನು ಕಾಯುವವರು ಯಾರು? ಈ ಕೊರತೆಯನ್ನು ತುಂಬಲೆಂದು ಬಂದದ್ದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ.

ಈ ಕಾಯ್ದೆಯ ಪ್ರಕಾರ ವೃಕ್ಷ ಪ್ರಾಧಿಕಾರ ಎಂಬ ಸಮಿತಿ ಇರುತ್ತದೆ. ಮರಗಳ ಗಣತಿ ಮಾಡಿಸುವುದು, ಸಸಿಗಳನ್ನು ಬೆಳೆಸುವುದು, ಇರುವ ಮರಗಳನ್ನು ಉಳಿಸುವುದು ಅದರ ಕೆಲಸ. ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ವೃಕ್ಷ ಅಧಿಕಾರಿಯಾಗಿರುತ್ತಾರೆ. ಮರ ಕಡಿಯಬೇಕೆನ್ನುವವರು ಇವರಿಗೆ ಅರ್ಜಿ ಕೊಡಬೇಕು. ಅಧಿಕಾರಿ ಸ್ಥಳಕ್ಕೆ ಬಂದು ಪರೀಕ್ಷಿಸಿ ಅನುಮತಿ ಕೊಡಬಹುದು, ನಿರಾಕರಿಸಲೂಬಹುದು. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶ ಉಂಟು. ಅನುಮತಿ ಸಿಕ್ಕಿ ಮರ ಕಡಿದವರು ಬದಲಿಗೆ ಗಿಡ ನೆಟ್ಟು ಬೆಳೆಸಬೇಕು. ಅನುಮತಿಯಿಲ್ಲದೆ ಕಡಿದರೆ ದಂಡ, ಜೈಲು ಎರಡೂ ಉಂಟು.

ಇಷ್ಟು ಕೇಳಿದರೆ ಕಾನೂನು ಬಹಳ ಬಿಗಿ ಎನ್ನಿಸಬಹುದು. ವಾಸ್ತವವಾಗಿ ಅದು ರೈತನ ಕಷ್ಟವನ್ನೂ ಅರಿತಿದೆ. ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಬಿದ್ದಿದ್ದರೆ ಅನುಮತಿ ನಿರಾಕರಿಸುವಂತಿಲ್ಲ. ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ ಸಿಡಿಲುಗಳಿಂದ ತೀರಾ ಹಾಳಾಗಿದ್ದರೆ ಕೂಡ ಹಾಗೆಯೇ. ಹಳ್ಳಿಗಾಡಿನಲ್ಲಿ ಸೌದೆ, ಮೇವು, ನೇಗಿಲು ನೊಗಗಳಂಥ ಸ್ವಂತ ಬಳಕೆಗೆ ಬೇಕಾದಾಗಲೂ ನಿರಾಕರಿಸುವಂತಿಲ್ಲ. ಬಲಿತು ಕಡಿಯುವ ಹಂತಕ್ಕೆ ಬಂದ ಮರಕ್ಕೂ ಅನುಮತಿ ಉಂಟು, ಆದರೆ ಅದು ಕಡಿದಾದ ಇಳಿಜಾರಿನಲ್ಲಿ ಇರಬಾರದು.

ಈ ಇಳಿಜಾರಿನ ಮಾತು ಸುಮ್ಮನೆ ಬಂದದ್ದಲ್ಲ. ಮರದ ಬೇರುಗಳು ಬಲೆಯಂತೆ ಹರಡಿ ಮಣ್ಣನ್ನು ಹಿಡಿದಿಡುತ್ತವೆ. ಕಡಿದ ದಿನವೇ ಮಣ್ಣು ಜಾರುವುದಿಲ್ಲ. ಬೇರು ಕೊಳೆಯಲು ಕೆಲವು ವರ್ಷ ಬೇಕು, ಬಲೆ ಸಡಿಲವಾಗುವುದು ಆಮೇಲೆ. ಹೀಗಾಗಿ ಕಡಿದವರು ಒಬ್ಬರು, ಮಣ್ಣು ಕುಸಿದಾಗ ಕೆಳಗೆ ಸಿಕ್ಕಿಕೊಳ್ಳುವವರು ಇನ್ನೊಬ್ಬರು. ಸಕಲೇಶಪುರದಾಚೆಯ ಶಿರಾಡಿ ಘಾಟಿಯಲ್ಲಿ 2018ರಲ್ಲಿಯೂ 2024ರಲ್ಲಿಯೂ ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದನ್ನು ಈ ಭಾಗದವರು ಮರೆತಿಲ್ಲ. ಭಾರಿ ಮಳೆ, ರಸ್ತೆಗಾಗಿ ಗುಡ್ಡ ಬಗೆದದ್ದು ಎಲ್ಲವೂ ಅಲ್ಲಿ ಸೇರಿವೆ. ಆದರೂ ಇಳಿಜಾರಿನಲ್ಲಿ ಮಣ್ಣು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಪಾಠ ದೂರದಲ್ಲೇನೂ ಇಲ್ಲ.

ಕೊಡಲಿ ಮುಟ್ಟದೆ ಕೊಲ್ಲುವ ವಿದ್ಯೆ

ಕಾನೂನಿನಲ್ಲಿ 'ಮರ ಕಡಿಯುವುದು' ಎಂಬ ಮಾತಿಗೆ ಕೊಟ್ಟಿರುವ ಅರ್ಥ ವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸುವಂಥದು. ಬುಡಕ್ಕೆ ಕೊಡಲಿ ಹಾಕುವುದು, ಬೇರುಸಹಿತ ಕೀಳುವುದು, ಬುಲ್ಡೋಜರ್‌ನಿಂದ ತಳ್ಳುವುದು ಮಾತ್ರ ಕಡಿಯುವುದಲ್ಲ. ಕೊಂಬೆ ಸವರುವುದು, ತಲೆ ಕತ್ತರಿಸುವುದು, ಬುಡಕ್ಕೆ ವಿಷ ಹಾಕುವುದು, ಬೆಂಕಿ ಹಚ್ಚುವುದು, ಕಾಂಡದ ಸುತ್ತ ಉಂಗುರದಂತೆ ತೊಗಟೆ ಸುಲಿಯುವುದು, ಇವೆಲ್ಲವೂ ಕಡಿದಂತೆಯೇ ಲೆಕ್ಕ.

ತೊಗಟೆ ಸುಲಿದರೆ ಮರ ಸಾಯುವುದು ಹೇಗೆ? ಕಾಂಡದೊಳಗೆ ಎರಡು ಬಗೆಯ ಕೊಳವೆಗಳಿವೆ. ಒಳಗಿನ ಕಟ್ಟಿಗೆಯ ಭಾಗದಲ್ಲಿರುವ ಕ್ಸೈಲೆಮ್ ಬೇರಿನಿಂದ ನೀರನ್ನು ಮೇಲಕ್ಕೆ ಒಯ್ಯುತ್ತದೆ. ತೊಗಟೆಗೆ ಅಂಟಿದಂತಿರುವ ಫ್ಲೋಯೆಮ್ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿನವರೆಗೆ ಇಳಿಸುತ್ತದೆ. ಸುತ್ತಲೂ ತೊಗಟೆ ಸುಲಿದಾಗ ಫ್ಲೋಯೆಮ್ ಹರಿದುಹೋಗುತ್ತದೆ, ಕ್ಸೈಲೆಮ್ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನೀರು ಮೇಲೇರುತ್ತಲೇ ಇರುತ್ತದೆ, ಎಲೆ ಕೆಲವು ಕಾಲ ಹಸಿರಾಗಿಯೇ ಇರುತ್ತದೆ. ಆದರೆ ಬೇರಿಗೆ ಊಟವಿಲ್ಲ. ಕೂಡಿಟ್ಟ ಆಹಾರ ಮುಗಿದಾಗ ಬೇರು ಸಾಯುತ್ತದೆ, ಬೇರು ಸತ್ತಾಗ ನೀರೂ ನಿಲ್ಲುತ್ತದೆ. ಕೆಲವು ತಿಂಗಳ ಮೇಲೆ 'ಮರ ತಾನಾಗಿ ಒಣಗಿದೆ, ಸತ್ತ ಮರಕ್ಕೆ ಅನುಮತಿ ಕೊಡಿ' ಎಂದು ಅರ್ಜಿ ಬಂದೀತು! ಈ ಉಪಾಯ ಗೊತ್ತಿದ್ದವರೇ ಕಾನೂನಿನ ಭಾಷೆಯನ್ನು ಬರೆದಿದ್ದಾರೆ.

ತೆಂಗು, ಬೈನೆಗಳ ಕತೆ ಬೇರೆ. ಅವು ಏಕದಳ ಸಸ್ಯಗಳು. ಅವುಗಳ ಕೊಳವೆಗಳು ಕಾಂಡದ ಒಳಗೆಲ್ಲ ಚದುರಿಕೊಂಡಿರುವುದರಿಂದ ಹೊರಮೈ ಸುಲಿದ ಮಾತ್ರಕ್ಕೆ ಊಟದ ದಾರಿ ಪೂರ್ತಿ ಕಟ್ಟುವುದಿಲ್ಲ.

ಸಿಲ್ವರ್ ಓಕ್ ಗೆದ್ದ ಕತೆ

ಮತ್ತೆ ಆ ಎರಡು ಮರಗಳಿಗೆ ಬರೋಣ. 1976ರ ಕಾನೂನು ಕೆಲವು ಮರಗಳಿಗೆ ವಿನಾಯಿತಿ ಕೊಟ್ಟಿತು. ಗಾಳಿಮರ, ತೆಂಗು, ನೀಲಗಿರಿ, ಗೊಬ್ಬರದ ಗಿಡವಾದ ಗ್ಲಿರಿಸಿಡಿಯಾ, ಹಾಲುವಾಣ, ರಬ್ಬರ್, ಸುಬಾಬುಲ್, ಸಿಲ್ವರ್ ಓಕ್ ಮುಂತಾದವು ಆ ಪಟ್ಟಿಯಲ್ಲಿದ್ದವು. ಮುಂದೆ ಪಟ್ಟಿ ಇನ್ನೂ ಬೆಳೆಯಿತು. ಬೆಳೆಯಾಗಿ ನೆಟ್ಟ ಮರವನ್ನು ಬೆಳೆಯಂತೆಯೇ ಕೊಯ್ಯಲು ಬಿಡಬೇಕು, ಇಲ್ಲದಿದ್ದರೆ ರೈತರು ಮರ ನೆಡುವುದನ್ನೇ ಬಿಟ್ಟಾರು ಎಂಬುದು ಇದರ ಹಿಂದಿನ ಯೋಚನೆ. ಯೋಚನೆಯಲ್ಲಿ ತಪ್ಪಿಲ್ಲ.

ಆದರೆ ಫಲ ಬೇರೆಯೇ ಆಯಿತು. ಸಿಲ್ವರ್ ಓಕ್ ಪೂರ್ವ ಆಸ್ಟ್ರೇಲಿಯಾದ ಮರ. ನೆಟ್ಟಗೆ, ಬೇಗ ಬೆಳೆಯುತ್ತದೆ. ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿಮಾಡಿಸಿದ ಹಾಗಿದೆ. ಇಪ್ಪತ್ತೈದು ಮೂವತ್ತು ವರ್ಷದೊಳಗೆ ಮಾರಾಟಕ್ಕೆ ಬರುತ್ತದೆ. ಇದಕ್ಕೆಲ್ಲ ಕಳಶವಿಟ್ಟಂತೆ, ಕಡಿಯಲು ಅರ್ಜಿ ಬೇಡ! ಹೊನ್ನೆ, ಬೀಟೆಗಳಾದರೋ ಬಲಿಯಲು ತಲೆಮಾರುಗಳೇ ಬೇಕು. ಬಲಿತ ಮೇಲೂ ಕಚೇರಿಗೆ ಅಲೆದಾಟ ತಪ್ಪದು. ಕೆಲವು ಜಮೀನುಗಳಲ್ಲಿ ಮಣ್ಣು ಮಾತ್ರ ರೈತನದು, ಮರದ ಮೇಲಿನ ಹಕ್ಕು ಸರ್ಕಾರದ್ದು ಎಂಬ ತೊಡಕೂ ಉಂಟು. ಕೊಡಗಿನ ಬಾಣೆ ಜಮೀನುಗಳಲ್ಲಿ ಇದು ಹಳೆಯ ತಕರಾರು.

ಇಂಥ ಸ್ಥಿತಿಯಲ್ಲಿ ಹಳೆಯ ಮರ ಬಿದ್ದ ಜಾಗಕ್ಕೆ ಬೆಳೆಗಾರ ಏನು ನೆಟ್ಟಾನು? ಕೊಡಗು, ಹಾಸನ, ಚಿಕ್ಕಮಗಳೂರು ಮೂರೂ ಜಿಲ್ಲೆಗಳ ತೋಟಗಳಲ್ಲಿ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಸಾಲುಗಟ್ಟಿ ಬಂದಿದೆ. ಮರ ಉಳಿಸಲು ಬಂದ ಕಾನೂನೇ ನಾಡಿನ ಮರಗಳನ್ನು ನೆಡದಂತೆ ಮಾಡಿತೇ ಎಂದು ಸಂಶೋಧಕರೂ ಬೆಳೆಗಾರರೂ ಕೇಳುತ್ತಿರುವುದು ಇದಕ್ಕಾಗಿಯೇ.

ಮರ ಯಾವುದಾದರೇನು, ನೆರಳು ನೆರಳೇ ಅಲ್ಲವೆ ಎಂದು ಕೇಳಬಹುದು. ಅಲ್ಲ. ಅರಾಬಿಕಾ ಕಾಫಿಯ ತವರು ಇಥಿಯೋಪಿಯಾದ ಕಾಡು. ಅಲ್ಲಿ ಅದು ದೊಡ್ಡ ಮರಗಳ ಕೆಳಗೆ, ಸೋಸಿ ಬರುವ ಬಿಸಿಲಿನಲ್ಲಿ ಬೆಳೆದ ಗಿಡ. ಹಲಬಗೆಯ ಮರಗಳಿರುವ ತೋಟದಲ್ಲಿ ಒಂದು ಎಲೆ ಉದುರಿಸುವಾಗ ಇನ್ನೊಂದು ಚಿಗುರುತ್ತದೆ, ವರ್ಷವಿಡೀ ತರಗೆಲೆಯ ಹೊದಿಕೆ ನೆಲದ ಮೇಲಿರುತ್ತದೆ. ಮಣ್ಣಿನ ತೇವ ಆರುವುದಿಲ್ಲ. ಹಾಲುವಾಣ, ಹೊನ್ನೆ, ಬೀಟೆಗಳು ಅವರೆ, ತೊಗರಿಗಳ ಬಳಗಕ್ಕೆ ಸೇರಿದವು. ಇವುಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತವೆ. ಸಿಲ್ವರ್ ಓಕ್‌ಗೆ ಈ ವಿದ್ಯೆ ಇಲ್ಲ.

ಇನ್ನು ಅತ್ತಿ, ಬಸರಿ, ಗೋಣಿ, ಆಲಗಳ ಮಾತು. ಇವುಗಳ ಹಣ್ಣಿನೊಳಗೇ ಹೂವು. ಅದರ ಪರಾಗಸ್ಪರ್ಶಕ್ಕೆ ಸೂಜಿಮೊನೆಯಷ್ಟು ಚಿಕ್ಕ ಕಣಜಗಳೇ ಬರಬೇಕು. ಸಾಮಾನ್ಯವಾಗಿ ಒಂದೊಂದು ಜಾತಿಯ ಮರಕ್ಕೂ ಅದರದೇ ಕಣಜ. ಬೇರೆ ಹಣ್ಣುಗಳಿಲ್ಲದ ಕಾಲದಲ್ಲಿಯೂ ಇವು ಒಂದಲ್ಲ ಒಂದು ಕಡೆ ಹಣ್ಣು ಬಿಡುವುದರಿಂದ ಮಂಗಟ್ಟೆ, ಕುಟ್ರುಹಕ್ಕಿ, ಬಾವಲಿ, ಮಂಗಗಳಿಗೆಲ್ಲ ಇದೇ ಅನ್ನಛತ್ರ. ಒಂದು ಗೋಣಿಮರ ಬಿದ್ದರೆ ಹತ್ತಾರು ಜೀವಿಗಳ ಊಟದ ಎಲೆ ಮಡಚಿದಂತೆ. ಮರದ ದಿಮ್ಮಿಗೆ ಬೆಲೆ ಕಟ್ಟುವ ವ್ಯಾಪಾರಿಯ ಲೆಕ್ಕದಲ್ಲಿ ಗೋಣಿಗೆ ಬೆಲೆಯೇ ಇಲ್ಲ. ಹಕ್ಕಿಗಳ ಲೆಕ್ಕದಲ್ಲಿ ಅದಕ್ಕಿಂತ ಬೆಲೆಯಾದದ್ದು ಇನ್ನೊಂದಿಲ್ಲ.

ಶ್ರೀಗಂಧ ಕಲಿಸಿದ ಪಾಠ

ಕಾನೂನು ಅತಿ ಬಿಗಿಯಾದರೆ ಏನಾಗುತ್ತದೆಂಬುದಕ್ಕೆ ಶ್ರೀಗಂಧವೇ ಸಾಕ್ಷಿ. ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ, ಅದು ರಾಜವೃಕ್ಷವಾಯಿತು ಎಂದು ಹೇಳುತ್ತಾರೆ. ಮೈಸೂರು ಅರಸರ ಕಾಲದಲ್ಲಿಯೂ ಸ್ವಾತಂತ್ರ್ಯ ಬಂದ ಮೇಲೂ ಗಂಧದ ಮರ ಎಲ್ಲಿಯೇ ಹುಟ್ಟಲಿ, ಸರ್ಕಾರದ ಸೊತ್ತಾಗಿಯೇ ಉಳಿಯಿತು. ರೈತನ ಹೊಲದಲ್ಲಿ ಮರ ಇದ್ದರೆ ಅವನಿಗೆ ಬೆಲೆಯ ಒಂದು ಪಾಲು ಸಿಗುತ್ತಿತ್ತು, ನಿಜ. ಆದರೆ ಮರ ಕಳುವಾದರೆ ವಿಚಾರಣೆ ಅವನ ಮನೆಬಾಗಿಲಿಗೇ ಬರುತ್ತಿತ್ತು. ಹಕ್ಕಿ ಹಾಕಿದ ಹಿಕ್ಕೆಯಿಂದ ಬೇಲಿಯಲ್ಲಿ ಗಂಧದ ಸಸಿ ಮೊಳೆತರೆ ಸದ್ದಿಲ್ಲದೆ ಕಿತ್ತು ಹಾಕುವುದೇ ಕ್ಷೇಮ ಎಂದು ಅನೇಕರು ಭಾವಿಸಿದರು. ಗಂಧದ ನಾಡಿನಲ್ಲಿ ಗಂಧವೇ ವಿರಳವಾಯಿತು.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನಲ್ಲಿರುವ ಗಂಧದ ಮರಕ್ಕೆ ಜಮೀನಿನವರೇ ಹಕ್ಕುದಾರರು ಎಂದಾಯಿತು. ಕಡಿಯಲು, ಸಾಗಿಸಲು ನಿಯಮಗಳು ಉಳಿದರೂ ಮರ ತಮ್ಮದು ಎಂಬ ಭರವಸೆ ರೈತರಿಗೆ ಬಂತು. ಅಲ್ಲಿಂದೀಚೆಗೆ ಶ್ರೀಗಂಧವನ್ನು ಬೆಳೆಯಾಗಿ ಬೆಳೆಯುವವರು ಹುಟ್ಟಿಕೊಂಡರು. ಗಂಧದ ಬೇರು ಪಕ್ಕದ ಗಿಡಗಳ ಬೇರಿಗೆ ಅಂಟಿಕೊಂಡು ಅವುಗಳಿಂದ ಆಹಾರದ ಅಂಶ ಹೀರುವ ಅರೆಪರಾವಲಂಬಿ. ಆದ್ದರಿಂದ ಗಂಧ ನೆಟ್ಟವರು ಜೊತೆಗೆ ಬೇರೆ ಗಿಡಗಳನ್ನೂ ನೆಡಲೇಬೇಕಾಯಿತು. ನೆಟ್ಟ ಸಸಿ ಬದುಕಿದರೆ ರೈತರಿಗೆ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿತು.

ಗಂಧದಿಂದ ತಿಳಿಯುವುದಿಷ್ಟು: ಕಡಿಯಬೇಡ ಎಂದರೆ ಇರುವ ಮರ ಉಳಿದೀತು, ಆದರೆ ನಾಳೆಯ ಮರ ಹುಟ್ಟಬೇಕಾದರೆ ನೆಟ್ಟವರಿಗೆ ನಂಬಿಕೆಯೂ ಬೇಕು.

ಇಂಗ್ಲೆಂಡಿನ ಹಳ್ಳಿಯಲ್ಲಿ

ಬೇರೆ ದೇಶಗಳಲ್ಲಿ ಹೇಗಿದೆ? ಇಂಗ್ಲೆಂಡಿನ ಪದ್ಧತಿ ನಮ್ಮದಕ್ಕೆ ತಿರುಗುಮುರುಗು. ನಮ್ಮಲ್ಲಿ ವಿನಾಯಿತಿ ಪಟ್ಟಿಯಲ್ಲಿಲ್ಲದ ಮರಗಳಿಗೆಲ್ಲ ಅನುಮತಿ ಬೇಕು. ಅಲ್ಲಿ ಯಾವ ಮರಕ್ಕೆ ರಕ್ಷಣೆ ಎಂದು ಆರಿಸಿ, ನಕ್ಷೆಯಲ್ಲಿ ಗುರುತಿಸಿ ಆದೇಶ ಹೊರಡಿಸುತ್ತಾರೆ. ಅದಕ್ಕೆ ವೃಕ್ಷ ಸಂರಕ್ಷಣಾ ಆದೇಶ ಎಂದೇ ಹೆಸರು. ಒಂಟಿ ಮರಕ್ಕೂ ಆದೇಶವಾಗಬಹುದು, ಒಂದು ಗುಂಪಿಗೂ ಇಡೀ ತೋಪಿಗೂ ಆಗಬಹುದು. ಆದೇಶ ಹೊರಡಿಸುವುದು ದೂರದ ರಾಜಧಾನಿಯಲ್ಲ, ಸ್ಥಳೀಯ ಯೋಜನಾ ಸಂಸ್ಥೆ. ಊರಿನ ಯಾರೇ ಆದರೂ ಈ ಮರಕ್ಕೆ ರಕ್ಷಣೆ ಕೊಡಿ ಎಂದು ಕೇಳಬಹುದು, ಮರದ ಒಡೆಯ ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಸದ್ಯ ಇದು 1990ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹಾಗೂ 2012ರ ನಿಯಮಗಳ ಪ್ರಕಾರ ನಡೆಯುತ್ತದೆ.

ಹಳೆಯ ಚರ್ಚು, ಹಳೆಯ ಮನೆಗಳಿರುವ ಹಳ್ಳಿಗಳಲ್ಲಿ ಅನೇಕವನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದಾರೆ. ಅಂಥ ಹಳ್ಳಿಯಲ್ಲಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಏಳೂವರೆ ಸೆಂಟಿಮೀಟರಿಗಿಂತ ದಪ್ಪವಿರುವ ಮರವನ್ನು ಕಡಿಯುವ ಅಥವಾ ಸವರುವ ಮುನ್ನ ಆರು ವಾರ ಮೊದಲೇ ತಿಳಿಸಬೇಕು. ಆ ಆರು ವಾರಗಳಲ್ಲಿ ಅಧಿಕಾರಿಗಳು ಮರವನ್ನು ನೋಡಿ, ಉಳಿಸತಕ್ಕದ್ದಾದರೆ ಸಂರಕ್ಷಣಾ ಆದೇಶ ಹೊರಡಿಸುತ್ತಾರೆ. ಉಳಿಸತಕ್ಕದ್ದಲ್ಲವಾದರೆ ಸುಮ್ಮನಿರುತ್ತಾರೆ.

ಅಲ್ಲಿಯೂ ಕಾನೂನು ಮೀರುವವರು ಇಲ್ಲದಿಲ್ಲ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಪಕ್ಕ, ಎರಡು ದಿನ್ನೆಗಳ ನಡುವಿನ ತಗ್ಗಿನಲ್ಲಿ, ಸೈಕಮೋರ್ ಮರವೊಂದು ಒಂಟಿಯಾಗಿ ನಿಂತಿತ್ತು. 1991ರ ರಾಬಿನ್‌ಹುಡ್ ಚಲನಚಿತ್ರದಲ್ಲಿ ಕಾಣಿಸಿಕೊಂಡ ಮೇಲಂತೂ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. 2023ರ ಸೆಪ್ಟೆಂಬರಿನ ಒಂದು ರಾತ್ರಿ ಇಬ್ಬರು ಯಾಂತ್ರಿಕ ಗರಗಸದಿಂದ ಅದನ್ನು ಉರುಳಿಸಿದರು. 2025ರ ಜುಲೈಯಲ್ಲಿ ನ್ಯಾಯಾಲಯ ಇಬ್ಬರಿಗೂ ನಾಲ್ಕು ವರ್ಷ ಮೂರು ತಿಂಗಳ ಸೆರೆವಾಸ ವಿಧಿಸಿತು. ಅಷ್ಟರಲ್ಲಿ ಕಡಿದ ಬೊಡ್ಡೆಯಲ್ಲಿ ಚಿಗುರುಗಳು ಮೂಡಿದ್ದವು. ಅವು ಮೊದಲಿನಂತಹ ಮರವಾಗಲು ಮನುಷ್ಯನ ಎರಡು ಜನ್ಮಗಳಾದರೂ ಬೇಕು.

ನಮ್ಮಲ್ಲಿಯೂ ಇತ್ತು, ಇದೆ

ಇದನ್ನು ಓದಿ ಮರ ಕಾಯುವ ಕಾನೂನನ್ನು ನಾವು ಹೊರಗಿನಿಂದ ಕಲಿಯಬೇಕೆಂದು ತಿಳಿಯಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಊರ ಬಳಿಯ ಉದ್ಯಾನದ ಹೂ, ಹಣ್ಣು, ನೆರಳಿನ ಮರಗಳ ಚಿಗುರು ಕಿತ್ತರೆ 6 ಪಣ, ಚಿಕ್ಕ ಕೊಂಬೆ ಮುರಿದರೆ 12 ಪಣ, ದೊಡ್ಡ ಕೊಂಬೆಗೆ 24 ಪಣ ದಂಡ ಎಂದಿದೆ. ಕಾಂಡಕ್ಕೆ ಕೈಹಾಕಿದರೆ ಶಿಕ್ಷೆ ಇನ್ನೂ ಹೆಚ್ಚು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಬಯಲುಸೀಮೆಯ ಊರುಗಳಲ್ಲಿ ಅರಳಿ ಬೇವುಗಳನ್ನು ಜೊತೆಯಾಗಿ ನೆಟ್ಟು, ಕಟ್ಟೆ ಕಟ್ಟಿ, ಮದುವೆಯನ್ನೂ ಮಾಡಿಸುತ್ತಾರೆ. ಆ ಕಟ್ಟೆಯ ಮರಕ್ಕೆ ಕೊಡಲಿ ಎತ್ತುವ ಧೈರ್ಯ ಯಾರಿಗೂ ಇರುವುದಿಲ್ಲ.

ಜನರೇ ಎದ್ದು ನಿಂತ ಉದಾಹರಣೆಗಳೂ ಉಂಟು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೋ ಚಳವಳಿ. ಹುಲಿಕಲ್ ಮತ್ತು ಕುದೂರಿನ ನಡುವೆ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕನವರನ್ನು ಅರಿಯದವರು ಯಾರು? 2019ರಲ್ಲಿ ರಸ್ತೆ ವಿಸ್ತರಣೆಯಿಂದ ಆ ಮರಗಳಿಗೆ ಕುತ್ತು ಬಂದಾಗ ಅವರು ಮುಖ್ಯಮಂತ್ರಿಗಳಿಗೆ ಮನವಿ ಮಾಡಿಕೊಂಡರು. ಮರ ಉಳಿಸಿಕೊಂಡು ಬೇರೆ ದಾರಿ ನೋಡುವ ಭರವಸೆ ದೊರೆಯಿತು. ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಗಾಗಿ 800ಕ್ಕೂ ಹೆಚ್ಚು ಮರ ಕಡಿಯುವ ಯೋಜನೆಯನ್ನು ವಿರೋಧಿಸಿ 2016ರ ಅಕ್ಟೋಬರಿನಲ್ಲಿ ನಾಗರಿಕರು ಮಾನವ ಸರಪಳಿ ರಚಿಸಿದರು. 2017ರ ಮಾರ್ಚಿಯಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು.

ಸಾರ್ವಜನಿಕ ಕಾಮಗಾರಿಗಾಗಿ ಐವತ್ತಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಮೊದಲು ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕೆಂಬ ನಿಯಮ ನಮ್ಮ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸೇರಿದೆ. ಕೇಳುವವರಿದ್ದರೆ ಮಾತ್ರ ಇಂಥ ನಿಯಮಕ್ಕೆ ಜೀವ. ಪ್ರಕಟಣೆ ಹೊರಟು, ಯಾರೂ ಒಂದು ಸಾಲನ್ನೂ ಬರೆಯದಿದ್ದರೆ ಮರದ ಪರವಾಗಿ ಮಾತನಾಡುವವರು ಯಾರು?

ನಿಮ್ಮೂರಿನ ಮರದ ಪಟ್ಟಿ

ವಿದ್ಯಾರ್ಥಿಗಳು ಇದರಲ್ಲಿ ಮಾಡುವುದೇನಿದೆ? ಬಹಳ ಇದೆ. ಕಡಿದ ಮೇಲೆ 'ಇಲ್ಲಿ ದೊಡ್ಡ ಮರವಿತ್ತು' ಎಂದರೆ ಯಾರೂ ನಂಬುವುದಿಲ್ಲ. ಬರೆದಿಟ್ಟ ಲೆಕ್ಕವಿದ್ದರೆ ನಂಬಲೇಬೇಕು. ಬೇಕಾದ್ದು ಒಂದು ಟೇಪು, ಒಂದು ಕೋಲು, ಒಂದು ನೋಟ್‌ಬುಕ್ಕು.

ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರು ಎದೆಯ ಮಟ್ಟದಲ್ಲಿ, ಕಾಂಡದ ಸುತ್ತಳತೆ ತೆಗೆಯಿರಿ. ಅರಣ್ಯ ಇಲಾಖೆಯವರು ಅಳೆಯುವುದೂ ಇಲ್ಲಿಯೇ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಕ್ಕಿತು. ಸುತ್ತಳತೆ 220 ಸೆಂಟಿಮೀಟರ್ ಇದ್ದರೆ ವ್ಯಾಸ ಸುಮಾರು 70 ಸೆಂಟಿಮೀಟರ್. ಎತ್ತರಕ್ಕೆ ಮರ ಹತ್ತಬೇಕಾಗಿಲ್ಲ. ಬಿಸಿಲಿನಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಿರಿ. ಅದೇ ಹೊತ್ತಿಗೆ, ಸಮತಟ್ಟಾದ ನೆಲದ ಮೇಲೆ ಮರದ ನೆರಳನ್ನೂ ಅಳೆಯಿರಿ. ಕೋಲಿನ ನೆರಳು 80 ಸೆಂಟಿಮೀಟರ್, ಮರದ ನೆರಳು 16 ಮೀಟರ್ ಆದರೆ ಮರದ ಎತ್ತರ 20 ಮೀಟರ್. ಎಂಟನೆಯ ತರಗತಿಯ ಅನುಪಾತದ ಲೆಕ್ಕವಷ್ಟೇ! ಮರದ ಹೆಸರು, ಇರುವ ಜಾಗ, ಹೂ ಹಣ್ಣು ಬಿಡುವ ತಿಂಗಳು, ಬರುವ ಹಕ್ಕಿಗಳು ಇವನ್ನೂ ಬರೆದಿಡಿ. ಊರಿನ ಹಿರಿಯರನ್ನು ಕೇಳಿದರೆ ನೆಟ್ಟವರ ಹೆಸರೂ ಸಿಕ್ಕೀತು.

ಇಂಥ ಲೆಕ್ಕಕ್ಕೆ ಕಾನೂನಿನಲ್ಲಿ ಒಂದು ಜಾಗವೂ ಉಂಟು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿಪಕ್ಷಿಗಳ ದಾಖಲೆ ಬರೆಯಬೇಕು. ಇದೇ ಕಾಯ್ದೆಯಲ್ಲಿ ಸರ್ಕಾರ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ವಿಶೇಷ ಜಾಗಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಬಹುದು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆ ತೋಪು 2007ರಲ್ಲಿ ದೇಶದ ಮೊದಲ ಅಂಥ ತಾಣವಾಯಿತು. 54 ಎಕರೆಯ ಆ ತೋಪಿನಲ್ಲಿ ಶತಮಾನಗಳಷ್ಟು ಹಳೆಯ ಹುಣಿಸೆ ಮರಗಳಿವೆ. ಹುಣಿಸೆಯಂಥ ನಿತ್ಯದ ಮರಕ್ಕೇ ಈ ಗೌರವ ಸಿಕ್ಕಿರುವಾಗ ಮಲೆನಾಡಿನ ಸೆರಗಿನ ಮರಗಳಿಗೆ ಸಿಗಬಾರದೆಂದಿಲ್ಲ.

ಕೊನೆಗೆ ಆ ತೋಟದ ಎರಡು ಮರಗಳ ಮಾತು. ಮಗಳ ಫೀಸಿಗೆ ಸಿಲ್ವರ್ ಓಕ್ ಹೋಗಲಿ. ಅದನ್ನು ನೆಟ್ಟದ್ದೇ ಅದಕ್ಕಾಗಿ. ಅದರಲ್ಲಿ ಯಾರೂ ತಪ್ಪು ಹುಡುಕಬೇಕಾಗಿಲ್ಲ. ಮರ ಬಿದ್ದ ಜಾಗದಲ್ಲಿ ಮುಂದಿನ ಮಳೆಗಾಲಕ್ಕೆ ಒಂದು ಗುಂಡಿ ತೆಗೆಯಲೇಬೇಕು. ಆ ಗುಂಡಿಗೆ ಏನು ನೆಡುವುದು ಎಂದು ಯಜಮಾನರು ಮನೆಯವರನ್ನು ಕೇಳಿದಾಗ, ಕಾಲೇಜಿಗೆ ಹೊರಟ ಮಗಳು 'ಅಪ್ಪಾ, ಈ ಸಲ ಹೊನ್ನೆ ನೆಡೋಣ' ಎಂದಾಳೇ? ಅಂದರೆ, ಅದು ಬಲಿಯುವ ಹೊತ್ತಿಗೆ ಕಡಿಯುವವರಿಗೂ ಉಳಿಸುವವರಿಗೂ ಒಪ್ಪುವ ಕಾನೂನು ಸಿದ್ಧವಾಗಿರಬೇಕು. ಅದನ್ನು ಸಿದ್ಧಪಡಿಸುವವರು ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಮಕ್ಕಳೇ.